ಹಳೆಯ ಆಫೀಸ್ ಕಂಪ್ಯೂಟರಿನಲ್ಲಿ ಆಟ ಆಡಬೇಕೆ? ಮೊದಲು ಎಸ್‌ಎಂಪಿಎಸ್ ನೋಡಿ

ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು 70 ಕಿಲೋಮೀಟರ್ ದಾಟಿ ತುಮಕೂರಿಗೆ ಬಂದು ಸೇರುವುದು ಹೊಸದಲ್ಲ. ಮಕ್ಕಳ ಓದಿಗೆ, ಡಿಟಿಪಿ ಕೆಲಸಕ್ಕೆ, ಅಂಗಡಿಯ ಲೆಕ್ಕಕ್ಕೆ ಎಂದು ಕೊಂಡ ಈ ಯಂತ್ರಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ. ಒಂದು ದಿನ ಮನೆಯ ಹುಡುಗನೋ ಹುಡುಗಿಯೋ ಅದರಲ್ಲಿ ಜಿಟಿಎ 5 ಎಂಬ ಆಟ ಹಾಕಿ ನೋಡುತ್ತಾರೆ, ಪರದೆ ತಡವರಿಸುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ಗ್ರಾಫಿಕ್ಸ್ ಕಾರ್ಡ್ ಹಾಕಿಸಿ’, ಅಂದರೆ ಆಟದ ಚಿತ್ರಗಳನ್ನು ವೇಗವಾಗಿ ಮೂಡಿಸುವ ಪ್ರತ್ಯೇಕ ಭಾಗ ಹಾಕಿಸಿ, ಎನ್ನುತ್ತಾರೆ. ಕಾರ್ಡ್ ಬರುತ್ತದೆ. ಆದರೆ ಅದು ಕ್ಯಾಬಿನೆಟ್ಟಿನೊಳಗೆ ಕೂರುವುದಿಲ್ಲ, ಕೂತರೂ ಅದಕ್ಕೆ ಬೇಕಾದ ಕರೆಂಟ್ ಕೊಡುವ ತಂತಿ ಇರುವುದಿಲ್ಲ, ತಂತಿ ಇದ್ದರೂ ಹಳೆಯ ಮಾನಿಟರಿಗೆ ಹೊಂದುವ ಕಿಂಡಿ ಇರುವುದಿಲ್ಲ.

ಕಷ್ಟಪಟ್ಟು ಕೂಡಿಸಿದ ಹಣ ಹೀಗೆ ಪೋಲಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಪ್ಪಾಗುವುದು ಎಲ್ಲಿಂದ ಹೊರಡುತ್ತೇವೆ ಎನ್ನುವುದರಲ್ಲಿ. ಆಡಬೇಕಾದ ಆಟದಿಂದ ಶುರುಮಾಡಿ ಕಾರ್ಡ್ ಹುಡುಕಬೇಡಿ. ನಿಮ್ಮ ಕ್ಯಾಬಿನೆಟ್ ಎಷ್ಟು ದೊಡ್ಡದು, ಅದರ ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಹಂಚುವ ಪೆಟ್ಟಿಗೆ, ಎಷ್ಟು ಕರೆಂಟ್ ಕೊಡಬಲ್ಲದು ಎಂಬುದರಿಂದ ಶುರುಮಾಡಿ. ಅವೆರಡು ಕಾರ್ಡನ್ನು ಗೊತ್ತುಮಾಡುತ್ತವೆ, ಆ ಕಾರ್ಡ್ ಆಟವನ್ನು ಗೊತ್ತುಮಾಡುತ್ತದೆ. ಈ ಲೇಖನ ನಡೆಯುವುದೂ ಅದೇ ಕ್ರಮದಲ್ಲಿ.

ಹೆಜ್ಜೆ 1: ನಿಮ್ಮ ಬಳಿ ಇರುವುದೇನು ಎಂದು ಬರೆದಿಟ್ಟುಕೊಳ್ಳಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರ್‌ನ ಹೆಸರು, ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್‌ಗಳು ತುಂಬಿವೆ ಎಂಬುದೆಲ್ಲ ಸಿಗುತ್ತದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಮದರ್‌ಬೋರ್ಡ್‌ನ ಮಾದರಿಯೂ ರ‍್ಯಾಮ್ ಡಿಡಿಆರ್3 ಆಗಿದೆಯೋ ಡಿಡಿಆರ್4 ಆಗಿದೆಯೋ ಎಂಬುದೂ ತಿಳಿಯುತ್ತದೆ. ಇವೆರಡರ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ.

ಪ್ರೊಸೆಸರ್ ಹೆಸರಿನಲ್ಲಿ ನೋಡಬೇಕಾದದ್ದು ತಲೆಮಾರು. ಐ5-2400 ಎಂದರೆ ಎರಡನೆಯದು, ಐ5-3470 ಮೂರನೆಯದು, ಐ5-4570 ನಾಲ್ಕನೆಯದು, ಐ5-8500 ಎಂಟನೆಯದು. ಹಣ ಹಾಕಬಹುದಾದ ಗೆರೆಯನ್ನು ನಾನು ನಾಲ್ಕನೇ ತಲೆಮಾರಿನ ಐ5ರಲ್ಲಿ ಎಳೆಯುತ್ತೇನೆ. ಇದಕ್ಕೆ ಗಟ್ಟಿ ಕಾರಣವಿದೆ. 2013ರಲ್ಲಿ ಬಂದ ಆ ತಲೆಮಾರಿನಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎವಿಎಕ್ಸ್2 ಎಂಬ ಸೂಚನಾಗುಚ್ಛ ಸೇರಿತು. ಇತ್ತೀಚಿನ ಕೆಲವು ಆಟಗಳು ಅದಿಲ್ಲದೆ ತೆರೆಯುವುದೇ ಇಲ್ಲ. ಎರಡನೇ, ಮೂರನೇ ತಲೆಮಾರಿನ ಐ5 ಇದ್ದವರು ಹಳೆಯ ಆಟಗಳನ್ನಷ್ಟೇ ಆಡುವುದಾದರೆ ಸ್ವಲ್ಪ ಖರ್ಚು ಮಾಡಬಹುದು. ಕೋರ್ 2 ಡ್ಯುಯೊ ಇದ್ದವರಿಗೆ ನನ್ನ ಮಾತು ಒಂದೇ: ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ, ಆ ಹಣವನ್ನು ಬೇರೆ ಯಂತ್ರಕ್ಕೆ ಕೂಡಿಸಿಡಿ.

ಐ3 ಅಥವಾ ಪೆಂಟಿಯಂ ಇದ್ದು ಮದರ್‌ಬೋರ್ಡ್ ಒಪ್ಪುವುದಾದರೆ ಅದೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಐ5 ಹಾಕುವುದು ಒಳ್ಳೆಯ ಉಪಾಯ. ಎರಡು ಕೋರ್‌ಗಳಿಂದ (ಲೆಕ್ಕ ಮಾಡುವ ಘಟಕಗಳಿಂದ) ನಾಲ್ಕಕ್ಕೆ ಏರಿದ ವ್ಯತ್ಯಾಸ ಜಿಟಿಎ 5ರಂಥ ಆಟದಲ್ಲಿ ಕಣ್ಣಿಗೆ ಕಾಣುತ್ತದೆ. ಐ5 ಇದ್ದವರು ಐ7-4770 ಅಥವಾ 4790ರ ಆಸೆಗೆ ಬೀಳುವುದು ಬೇಡ. ಅವುಗಳ ಸೆಕೆಂಡ್ ಹ್ಯಾಂಡ್ ಬೆಲೆಯೂ ಅಷ್ಟು ಸುಲಭವಾಗಿ ಇಳಿಯುವುದಿಲ್ಲ, ಆ ಹಣ ಕಾರ್ಡಿಗೆ ಹೋದರೆ ಹೆಚ್ಚು ಫಲ ಕೊಡುತ್ತದೆ.

ಇನ್ನು ಕ್ಯಾಬಿನೆಟ್. ಸ್ಕೇಲ್ ಹಿಡಿದು ಅಳೆಯಿರಿ. ಹಿಂಭಾಗದ ಕಾರ್ಡ್ ಪಟ್ಟಿ ಸುಮಾರು 12 ಸೆಂಟಿಮೀಟರ್ ಎತ್ತರವಿದ್ದರೆ ಅದು ಪೂರ್ಣ ಅಳತೆಯ ಕಾರ್ಡಿಗೆ ಜಾಗವಿರುವ ಟವರ್. ಸುಮಾರು 8 ಸೆಂಟಿಮೀಟರ್ ಇದ್ದರೆ ಅದು ತೆಳು ಕ್ಯಾಬಿನೆಟ್, ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಯುತ್ತದೆ. ತೆಳು ಕ್ಯಾಬಿನೆಟ್‌ಗಳಲ್ಲಿ ಇನ್ನೊಂದು ತೊಡಕು: ಎಷ್ಟೋ ಮಾದರಿಗಳಲ್ಲಿ ಉದ್ದನೆಯ ಸ್ಲಾಟ್ ಎಸ್‌ಎಂಪಿಎಸ್‌ಗೆ ಅಂಟಿಕೊಂಡಂತೆ ಇರುತ್ತದೆ, ಎರಡು ಸ್ಲಾಟ್ ದಪ್ಪದ ಕಾರ್ಡ್ ಅಲ್ಲಿ ತೂರುವುದಿಲ್ಲ. ಸ್ಲಾಟಿನಿಂದ ಮುಂದಿನ ಅಡ್ಡಿಯವರೆಗಿನ ಉದ್ದ, ಪಕ್ಕದ ದಪ್ಪ ಎರಡನ್ನೂ ಬರೆದುಕೊಂಡು, ಮೊಬೈಲಿನಲ್ಲಿ ಒಳಗಿನ ಫೋಟೊ ತೆಗೆದಿಟ್ಟುಕೊಂಡೇ ಅಂಗಡಿಗೆ ಹೋಗಿ.

ಲ್ಯಾಪ್‌ಟಾಪ್ ಇರುವವರಿಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಜಾಗದಲ್ಲಿ ಕೂರುವ, ಹೆಚ್ಚು ವೇಗದ ಸಂಗ್ರಹ), ರ‍್ಯಾಮ್, ಶುಚಿಗೊಳಿಸುವ ಹೆಜ್ಜೆಗಳಷ್ಟೇ ಅನ್ವಯಿಸುತ್ತವೆ. ಅದರ ಗ್ರಾಫಿಕ್ಸ್ ಬದಲಿಸಲು ಆಗುವುದಿಲ್ಲ.

ಹೆಜ್ಜೆ 2: ದೂಳು ತೆಗೆಯಿರಿ, ಅರ್ತಿಂಗ್ ಪರೀಕ್ಷಿಸಿ

ಇದಕ್ಕೆ ಖರ್ಚು ಹೆಚ್ಚೆಂದರೆ ಒಂದು ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಟ್ಯೂಬಿನದು. ಆದರೂ ಬಹಳ ಮಂದಿ ಇದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಶಿರಾ, ಮಧುಗಿರಿ, ಪಾವಗಡದ ಬಯಲಿನ ಕೆಂಪು ದೂಳು ಒಂದು ಬಗೆಯದು. ತಿಪಟೂರು, ಗುಬ್ಬಿ ಕಡೆ ತೆಂಗಿನ ನಾರಿನ ಕೆಲಸ ನಡೆಯುವ ಜಾಗಗಳಲ್ಲಿ ಕೂರುವ ಸಣ್ಣ ಎಳೆಗಳ ದೂಳು ಇನ್ನೊಂದು ಬಗೆಯದು, ಅದು ಫ್ಯಾನಿನ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬಟ್ಟೆಯಂತೆ ಹೆಣೆದುಕೊಳ್ಳುತ್ತದೆ. ಬಿಸಿಗಾಳಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ 100 ಡಿಗ್ರಿ ಸಮೀಪಿಸಿ, ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಹತ್ತು ನಿಮಿಷ ಚೆನ್ನಾಗಿ ನಡೆದ ಆಟ ಆಮೇಲೆ ಎಳೆಯತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿಕೊಳ್ಳಿ. ಬ್ಲೋವರ್ ಬಿಡುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿಗಿಂತ ಚಿಕ್ಕದಾದ ಒಂದು ಹನಿ ಹೊಸ ಪೇಸ್ಟ್ ಇಟ್ಟು ಕೂಲರ್ ಬಿಗಿಮಾಡಿ. ಎದುರುಬದುರು ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬನ್ನಿ. ಆಮೇಲೆ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ತಾಪ ನೋಡಿ. ಏಪ್ರಿಲ್ ಬಿಸಿಲಿನಲ್ಲೂ ಆಟ ನಡೆಯುವಾಗ 80 ಡಿಗ್ರಿ ಆಸುಪಾಸಿನೊಳಗೆ ನಿಂತರೆ ಚಿಂತೆಯಿಲ್ಲ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎನ್ನುತ್ತದೆಯೇ? ಹಾಗಿದ್ದರೆ ನಿಮ್ಮ ಮನೆಯ ಅರ್ತಿಂಗ್ ಸರಿಯಿಲ್ಲ. ಕಾರ್ಡಿನ ಮಾತು ಆಮೇಲೆ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಹಳ್ಳಿಗಳಲ್ಲಿ ಇನ್ನೊಂದು ತೊಂದರೆ ಇದೆ: ತ್ರೀ ಫೇಸ್ ಬಂದು ಸುತ್ತಲಿನ ಕೊಳವೆಬಾವಿಗಳ ಮೋಟಾರ್‌ಗಳು ಒಮ್ಮೆಗೇ ಶುರುವಾದಾಗ ವೋಲ್ಟೇಜ್ ಕುಸಿದು ಕಂಪ್ಯೂಟರ್ ತಾನಾಗಿ ಮರುಪ್ರಾರಂಭವಾಗುತ್ತದೆ. ಅದನ್ನು ಯಂತ್ರದ ದೋಷವೆಂದು ತಿಳಿದು ಬಿಡಿಭಾಗ ಬದಲಿಸುತ್ತ ಕೂರಬೇಡಿ. ವೋಲ್ಟೇಜ್ ಸರಿಪಡಿಸುವ ಸೌಲಭ್ಯವಿರುವ ಯುಪಿಎಸ್ ಇಟ್ಟುಕೊಳ್ಳಿ. ಸಾಮಾನ್ಯ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ತಡೆಯುತ್ತದೆ, ಮಾನಿಟರನ್ನೂ ಅದಕ್ಕೇ ಸೇರಿಸಿ ಲೆಕ್ಕ ಹಾಕಬೇಕು.

ಹೆಜ್ಜೆ 3: ಎಸ್‌ಎಸ್‌ಡಿ ಮತ್ತು ರ‍್ಯಾಮ್

ಹಾರ್ಡ್ ಡಿಸ್ಕ್ ಮೇಲೆಯೇ ವಿಂಡೋಸ್ ಓಡುತ್ತಿದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೆ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ. ಚಿಕ್ಕ ಚಿಕ್ಕ ಕಡತಗಳನ್ನು ಹೆಕ್ಕುವುದರಲ್ಲಿ ಅಂತರ ಇನ್ನೂ ದೊಡ್ಡದು. ಇದರಿಂದ ಆಟದ ಫ್ರೇಮ್ ಸಂಖ್ಯೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಏರುವುದಿಲ್ಲ. ಆದರೆ ಊರಿನ ಒಂದು ಬೀದಿಯಿಂದ ಇನ್ನೊಂದಕ್ಕೆ ಕಾರು ತಿರುಗಿಸಿದಾಗ ಪರದೆ ಗಕ್ಕನೆ ನಿಲ್ಲುವ ಕಾಟ ಬಹುಮಟ್ಟಿಗೆ ಹೋಗುತ್ತದೆ.

ಗಾತ್ರದಲ್ಲಿ ಜಿಪುಣತನ ಬೇಡ. ಕೌಂಟರ್-ಸ್ಟ್ರೈಕ್ 2 ಒಂದೇ 85 ಜಿಬಿ ಕೇಳುತ್ತದೆ, ಜಿಟಿಎ 5 ಅದಕ್ಕಿಂತಲೂ ಹೆಚ್ಚು. 240 ಜಿಬಿಯಲ್ಲಿ ವಿಂಡೋಸ್ ಮತ್ತು ಒಂದು ದೊಡ್ಡ ಆಟ ಕೂತರೆ ಉಸಿರು ಕಟ್ಟುತ್ತದೆ. ಕೈಗೆ ಎಟುಕಿದರೆ 480 ಅಥವಾ 512 ಜಿಬಿ ಕೊಳ್ಳಿ. ಎಸ್‌ಎಸ್‌ಡಿಯನ್ನು ಮಾತ್ರ ಹೊಸದಾಗಿಯೇ, ಬಿಲ್ ಮತ್ತು ವಾರಂಟಿ ಸಮೇತ ಕೊಳ್ಳಿ. ಹೆಸರೇ ಕೇಳಿರದ ಅಗ್ಗದ ಬ್ರಾಂಡ್‌ನಲ್ಲಿ ಮನೆಯವರ ಫೋಟೊಗಳನ್ನು ಇಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ಎಸೆಯಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅದನ್ನು ‘ಗುಡ್’ ಎಂದು ತೋರಿಸಿದರೆ ಚಲನಚಿತ್ರ, ಹಳೆಯ ಆಟಗಳಿಗೆ ಒಳಗೇ ಇರಲಿ. ‘ಕಾಷನ್’ ಎಂದು ತೋರಿಸಿದರೆ ಅಂದೇ ಕಡತಗಳನ್ನು ಬೇರೆಡೆಗೆ ನಕಲಿಸಿ.

ವಿಂಡೋಸನ್ನು ಎಸ್‌ಎಸ್‌ಡಿಗೆ ನಕಲು ಮಾಡುವುದಕ್ಕಿಂತ ಹೊಸದಾಗಿ ಹಾಕುವುದೇ ಮೇಲು. ಹಾಕುವ ಮೊದಲು ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾದೊಡನೆ ಓಡುವ, ಬೋರ್ಡಿನೊಳಗಿನ ತಂತ್ರಾಂಶದಲ್ಲಿ) ಸಾಟಾ ಕ್ರಮ ಎಎಚ್‌ಸಿಐ ಆಗಿದೆಯೇ ನೋಡಿ.

ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಲೇಬೇಕು, 8 ಇದ್ದರೆ 16ಕ್ಕೆ ಏರಿಸುವುದು ಕೈಯಲ್ಲಿ ಹಣವಿದ್ದರೆ. ಒಂದೇ 8 ಜಿಬಿ ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿಗಳು ಉತ್ತಮ, ಏಕೆಂದರೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. ಕಾರ್ಡ್ ಇಲ್ಲದೆ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ವ್ಯಾಲರಂಟ್‌ನಂಥ ಹಗುರ ಆಟ ಆಡುವವರಿಗೆ ಇದರಿಂದ ಸಿಗುವ ಲಾಭ ದೊಡ್ಡದು, ಏಕೆಂದರೆ ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. 2025ರ ಕೊನೆಯಿಂದ ಎಐ ಸರ್ವರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿದೆ. ಹಾಗಾಗಿ ರ‍್ಯಾಮನ್ನು ಹೊಸದೇ ಬೇಕೆಂದು ಹಟ ಹಿಡಿಯಬೇಡಿ. ಡಿಡಿಆರ್3 ಪಟ್ಟಿಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಧೈರ್ಯವಾಗಿ ಕೊಳ್ಳಬಹುದಾದ ವಸ್ತು. ಮನೆಗೆ ತಂದು ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ, ಒಂದೇ ಒಂದು ದೋಷ ಬಂದರೂ ಹಿಂದಿರುಗಿಸಿ.

ಹೆಜ್ಜೆ 4: ಎಸ್‌ಎಂಪಿಎಸ್

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮದರ್‌ಬೋರ್ಡ್‌ನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ 6 ಪಿನ್ ಅಥವಾ 8 ಪಿನ್ ತಂತಿ ಬೇಕು. ಆಫೀಸ್ ಕಂಪ್ಯೂಟರ್‌ಗಳ ಎಸ್‌ಎಂಪಿಎಸ್‌ನಲ್ಲಿ ಸಾಮಾನ್ಯವಾಗಿ ಆ ತಂತಿ ಇರುವುದೇ ಇಲ್ಲ. ಹಾಗಾದರೆ ಅವು ದುರ್ಬಲವೇ? ಅಲ್ಲ. ಆಪ್ಟಿಪ್ಲೆಕ್ಸ್ 9020 ಟವರ್‌ನ ಎಸ್‌ಎಂಪಿಎಸ್ 290 ವ್ಯಾಟ್‌ನದು, ಬರೆದಷ್ಟನ್ನು ಪ್ರಾಮಾಣಿಕವಾಗಿ ಕೊಡುತ್ತದೆ. ಲೆಕ್ಕ ಹಾಕಿ: ಐ5-4570 ಹೆಚ್ಚೆಂದರೆ 84 ವ್ಯಾಟ್, 75 ವ್ಯಾಟ್‌ನ ಕಾರ್ಡ್, ಮಿಕ್ಕೆಲ್ಲಕ್ಕೆ 40 ಎಂದುಕೊಳ್ಳಿ. ಒಟ್ಟು 200 ಆಸುಪಾಸು. ಸಾಕಷ್ಟು ಉಳಿಕೆ ಇದೆ.

ಅಂದರೆ, ಬಡ ಬಜೆಟ್ಟಿನಲ್ಲಿ ಅತ್ಯಂತ ಜಾಣ ದಾರಿ ಎಂದರೆ ಎಸ್‌ಎಂಪಿಎಸ್ ಮುಟ್ಟದೆ, ಪ್ರತ್ಯೇಕ ತಂತಿ ಬೇಡದ 75 ವ್ಯಾಟ್‌ನೊಳಗಿನ ಕಾರ್ಡ್ ಹಾಕುವುದು.

ಎಸ್‌ಎಂಪಿಎಸ್ ಬದಲಿಸಲು ಹೊರಟವರು ಎರಡು ಸಂಗತಿ ತಿಳಿದಿರಬೇಕು. ಒಂದು, ಸಾಮಾನ್ಯ ಎಸ್‌ಎಂಪಿಎಸ್‌ನ ಮುಖ್ಯ ತಂತಿ 24 ಪಿನ್‌ನದು. ಆಪ್ಟಿಪ್ಲೆಕ್ಸ್ 3020, 7020, 9020ರ ಬೋರ್ಡ್‌ಗಳಲ್ಲಿ ಅದರ ಬದಲು 8 ಪಿನ್ ಇದೆ. ಎಚ್‌ಪಿ, ಲೆನೊವೊ ಆಫೀಸ್ ಯಂತ್ರಗಳಲ್ಲೂ ತಮ್ಮದೇ ಬಗೆಯ ಕನೆಕ್ಟರ್‌ಗಳಿವೆ. ನಿಮ್ಮ ಮಾದರಿಗೇ ತಕ್ಕ ಅಡಾಪ್ಟರ್ ತಂತಿ ಬೇಕಾಗುತ್ತದೆ, ತೆಳು ಕ್ಯಾಬಿನೆಟ್ಟಿನಲ್ಲಿ ಆಕಾರವೂ ಹೊಂದುವುದಿಲ್ಲ.

ಎರಡನೆಯದು ಹೆಚ್ಚು ಮುಖ್ಯ. ಪೆಟ್ಟಿಗೆಯ ಮೇಲೆ ‘500 ವ್ಯಾಟ್’ ಎಂದು ದೊಡ್ಡದಾಗಿ ಅಚ್ಚಾಗಿರುವುದನ್ನು ನಂಬಬೇಡಿ. ಪಕ್ಕದ ಚೀಟಿಯಲ್ಲಿ +12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ನೋಡಿ, ಅದನ್ನು 12ರಿಂದ ಗುಣಿಸಿ. 14 ಆಂಪಿಯರ್ ಎಂದಿದ್ದರೆ 168 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದಲೇ, ಆದ್ದರಿಂದ ನಿಮಗೆ ನಿಜವಾಗಿ ಸಿಗುವುದು ಅಷ್ಟೇ. 450 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್‌ನ 12 ವೋಲ್ಟ್ ಸಾಲು ಒಂದೇ 400 ವ್ಯಾಟ್ ದಾಟುತ್ತದೆ. ದಕ್ಷತೆಗೆ ಸಿಗುವ 80 ಪ್ಲಸ್ ಮುದ್ರೆ ಇರುವ, ಕನಿಷ್ಠ ಮೂರು ವರ್ಷ ವಾರಂಟಿ ಇರುವ ಕೋರ್ಸೇರ್, ಆಂಟೆಕ್, ಕೂಲರ್ ಮಾಸ್ಟರ್, ಡೀಪ್‌ಕೂಲ್‌ನಂಥ ಹೆಸರುಗಳಲ್ಲಿ ಆರಿಸಿ. ಅಗ್ಗದ ಎಸ್‌ಎಂಪಿಎಸ್ ಸುಟ್ಟರೆ ತಾನೊಂದೇ ಸುಡುವುದಿಲ್ಲ, ಕಾರ್ಡ್ ಮತ್ತು ಬೋರ್ಡನ್ನೂ ಜೊತೆಗೆ ಒಯ್ಯುತ್ತದೆ. ಸಾಟಾ ತಂತಿಯಿಂದ 8 ಪಿನ್ ಮಾಡಿಕೊಡುವ ಅಗ್ಗದ ಜೋಡಣೆಯನ್ನು ಯಾರೇ ಹೇಳಿದರೂ ಹಾಕಿಸಬೇಡಿ. ಆ ಕನೆಕ್ಟರ್ 54 ವ್ಯಾಟ್‌ಗೆ ಮಾಡಿದ್ದು, ಅದರ ಮೇಲೆ 150 ವ್ಯಾಟ್ ಹೇರಿದರೆ ಪ್ಲಾಸ್ಟಿಕ್ ಕರಗುತ್ತದೆ.

ಹೆಜ್ಜೆ 5: ಕಾರ್ಡ್ ಆರಿಸುವುದು

ಜಿಟಿ 710, ಜಿಟಿ 730 ಇವು ಇಂದಿಗೂ ‘2 ಜಿಬಿ, 4 ಜಿಬಿ ಗೇಮಿಂಗ್ ಕಾರ್ಡ್’ ಎಂದು ಮಾರಾಟವಾಗುತ್ತಿವೆ. ಕೊಳ್ಳಬೇಡಿ. ಜಿಟಿ 710ರಲ್ಲಿ ಇರುವುದು 192 ಕೋರ್‌ಗಳು, ಅದು ಇನ್ನೊಂದು ಮಾನಿಟರ್ ಹಾಕಿಕೊಳ್ಳುವುದಕ್ಕೆ ಇರುವ ಕಾರ್ಡ್. ಎಷ್ಟು ಜಿಬಿ ಎಂಬುದು ಕಾರ್ಡಿನ ಶಕ್ತಿಯನ್ನು ಹೇಳುವುದಿಲ್ಲ.

ಪ್ರತ್ಯೇಕ ತಂತಿ ಬೇಡದ ಕಾರ್ಡ್‌ಗಳಲ್ಲಿ ನನ್ನ ಆಯ್ಕೆ ಜಿಟಿಎಕ್ಸ್ 1650, ಇದು 2019ರದು, 896 ಕೋರ್, 4 ಜಿಬಿ, 75 ವ್ಯಾಟ್. ಎಚ್ಚರ, ಇದರ ಕೆಲವು ಮಾದರಿಗಳಲ್ಲಿ 6 ಪಿನ್ ಕಿಂಡಿ ಇರುತ್ತದೆ, ಅದಿಲ್ಲದ್ದನ್ನೇ ಕೇಳಿ. ಇದಕ್ಕಿಂತ ಅಗ್ಗವಾಗಿ ಸಿಗುವುದು 2016ರ ಜಿಟಿಎಕ್ಸ್ 1050 ಟಿಐ, 768 ಕೋರ್, 4 ಜಿಬಿ. ಅದಕ್ಕೂ ಹಿಂದಿನದು 2014ರ ಜಿಟಿಎಕ್ಸ್ 750 ಟಿಐ, 60 ವ್ಯಾಟ್. ಮೂರರಲ್ಲೂ ಲೋ ಪ್ರೊಫೈಲ್ ಮಾದರಿಗಳಿವೆ. ಒಂದು ವಿಚಾರ ಮನಸ್ಸಿನಲ್ಲಿರಲಿ: 750 ಟಿಐ ಮತ್ತು 1050 ಟಿಐಗೆ ಹೊಸ ಆಟಗಳಿಗಾಗಿ ಬರುವ ಡ್ರೈವರ್‌ಗಳನ್ನು (ಕಾರ್ಡನ್ನು ನಡೆಸುವ ತಂತ್ರಾಂಶಗಳನ್ನು) ಅವುಗಳ ತಯಾರಕ ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಭದ್ರತೆಯ ಪರಿಷ್ಕರಣೆಗಳು ಮಾತ್ರ 2028ರವರೆಗೆ ಬರುತ್ತವೆ. 1650 ಆ ಪಟ್ಟಿಯಲ್ಲಿಲ್ಲ. ಬೆಲೆಯ ಅಂತರ ಚಿಕ್ಕದಾಗಿದ್ದರೆ 1650ಕ್ಕೆ ಹೋಗಿ. ಹೊಸದನ್ನೇ ಕೊಳ್ಳುವಷ್ಟು ಹಣವಿದ್ದರೆ 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ ಇದೆ. ಅದರಲ್ಲೂ ಪ್ರತ್ಯೇಕ ತಂತಿ ಬೇಡದ ಮಾದರಿಗಳಿವೆ, ಆದರೆ ಅದು ಬಡ ಬಜೆಟ್ ಅಲ್ಲ.

ಟವರ್ ಕ್ಯಾಬಿನೆಟ್ ಮತ್ತು ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್ ಎರಡೂ ಇದ್ದವರಿಗೆ ಆರ್‌ಎಕ್ಸ್ 570, 580 ಹಣಕ್ಕೆ ತಕ್ಕ ಕಾರ್ಡ್‌ಗಳು. 570 ಬೇಡುವುದು 150 ವ್ಯಾಟ್, 580 ಬೇಡುವುದು 185. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡ್‌ಗಳನ್ನು ದುಡಿಸಿ ಇಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ‘ಗಣಿಗಾರಿಕೆ’ ನಿಂತ ಮೇಲೆ ಇಂಥ ಕಾರ್ಡ್‌ಗಳು ರಾಶಿರಾಶಿಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಗಣಿಗಾರಿಕೆಗೆ ದುಡಿದ ಕಾರ್ಡ್ ಎಂದ ಮಾತ್ರಕ್ಕೆ ಬಿಸಾಡಬೇಕಿಲ್ಲ, ಅದರ ಫ್ಯಾನ್ ಅಲ್ಲಾಡುತ್ತದೆಯೇ, ಪೇಸ್ಟ್ ಬದಲಿಸಿದ್ದಾರೆಯೇ ನೋಡಿಕೊಂಡು ಬೆಲೆ ಇಳಿಸಿ ಕೇಳಿ. ‘580 2048ಎಸ್‌ಪಿ’ ಎಂದು ಕಂಡರೆ ಅದು ಹೆಸರಿಗೆ 580, ಶಕ್ತಿಯಲ್ಲಿ 570. ಅದರದೇ ಬೆಲೆ ಕೊಡಿ.

ಇಂಟೆಲ್ ಆರ್ಕ್ ಕಾರ್ಡ್‌ಗಳು ಹಳೆಯ ಬೋರ್ಡ್‌ಗಳಿಗೆ ಸಲ್ಲ. ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದೆ ಅವು ಸೊರಗುತ್ತವೆ.

ನಕಲಿಗಳ ಬಗ್ಗೆ ಒಂದಿಷ್ಟು ವಿವರವಾಗಿ ಹೇಳಲೇಬೇಕು. ಹಳೆಯ, ದುರ್ಬಲ ಕಾರ್ಡಿನ ಬಯೋಸ್ ತಿದ್ದಿ ‘1050 ಟಿಐ’ ಎಂದು ವಿಂಡೋಸ್‌ಗೆ ಹೇಳುವಂತೆ ಮಾಡಿ ಮಾರುವ ದಂಧೆ ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರು ಸರಿಯಾಗಿಯೇ ಕಾಣುತ್ತದೆ. ಜಿಪಿಯು-ಝಡ್ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡೇ ಹೋಗಿ. ನಕಲಿಯನ್ನು ಗುರುತಿಸಿದರೆ ಅದು ಹೆಸರಿನ ಮೊದಲು ‘ಫೇಕ್’ ಎಂದು ತೋರಿಸುತ್ತದೆ. ಕೋರ್‌ಗಳ ಸಂಖ್ಯೆ ಮೇಲೆ ಹೇಳಿದ್ದಕ್ಕೆ ತಾಳೆಯಾಗಬೇಕು. ಕಣ್ಣಿನಿಂದಲೇ ಗುರುತಿಸುವ ದಾರಿಯೂ ಉಂಟು: 1050 ಟಿಐ ಎಂದು ಹೇಳುವ ಕಾರ್ಡಿನ ಬೆನ್ನಲ್ಲಿ ನೀಲಿ ಬಣ್ಣದ ವಿಜಿಎ ಕಿಂಡಿ ಕಂಡರೆ ಅಲ್ಲಿಂದ ಎದ್ದು ಬನ್ನಿ.

ವಿಜಿಎ ಎಂದಾಗ ಮಾನಿಟರ್ ನೆನಪಾಗಲಿ. ನಮ್ಮ ಮನೆಗಳ 18.5 ಇಂಚಿನ ಹಳೆಯ ಮಾನಿಟರ್‌ಗಳಲ್ಲಿ ಎಷ್ಟೋ ಸಲ ವಿಜಿಎ ಒಂದೇ ಇರುತ್ತದೆ. 1050 ಟಿಐ, 1650ರಲ್ಲಿ ಆ ಸಂಕೇತ ಹೊರಡುವುದೇ ಇಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಪರಿವರ್ತಿಸುವ, ಒಳಗೆ ಚಿಪ್ ಇರುವ ಅಡಾಪ್ಟರ್ ಬೇಕು. ಬರಿಯ ತಂತಿ ಕೆಲಸ ಮಾಡುವುದಿಲ್ಲ. ಇದನ್ನೂ ಬಜೆಟ್ಟಿನಲ್ಲಿ ಸೇರಿಸಿ.

ಹೆಜ್ಜೆ 6: ಎಲ್ಲಿ ಕೊಳ್ಳುವುದು

ಎಸ್‌ಎಸ್‌ಡಿ, ಎಸ್‌ಎಂಪಿಎಸ್‌ನಂಥ ಹೊಸ ವಸ್ತುಗಳನ್ನು ತುಮಕೂರಿನಲ್ಲೇ ಕೊಳ್ಳಿ. ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ ಸುತ್ತಿನ ಅಂಗಡಿಗಳಲ್ಲಿ ಒಂದೆರಡು ನೂರು ಹೆಚ್ಚಾದರೂ, ಹಾಳಾದಾಗ ಮರುದಿನವೇ ಎದುರು ನಿಂತು ಕೇಳಬಹುದು. ಆ ನೆಮ್ಮದಿಗೆ ಬೆಲೆಯಿದೆ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸದರ್ ಪಾತ್ರಪ್ಪ ರಸ್ತೆಯಲ್ಲಿ, ಆಯ್ಕೆ ಹೆಚ್ಚು. ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಿಂದ ನಡೆದೇ ಹೋಗಬಹುದು. ಬಸ್ಸಿನವರು ಮಾದಾವರದಲ್ಲೇ ಇಳಿದು ಮೆಟ್ರೊ ಹತ್ತಿದರೆ ತುಮಕೂರು ರಸ್ತೆಯ ವಾಹನ ದಟ್ಟಣೆ ತಪ್ಪುತ್ತದೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಅಲ್ಲಿ ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಮೂರು ನಾಲ್ಕು ಕಡೆ ಕೇಳಿ, ಕಾರ್ಡನ್ನು ಯಂತ್ರಕ್ಕೆ ಹಾಕಿ ಕನಿಷ್ಠ ಕಾಲು ಗಂಟೆ ಭಾರ ಕೊಟ್ಟು ತೋರಿಸಲು ಹೇಳಿ. ಬಣ್ಣದ ಚುಕ್ಕೆ, ಗೆರೆ ಕಂಡರೆ, ಪರದೆ ಕಪ್ಪಾದರೆ ಬೇಡ ಎನ್ನಿ. ಪರೀಕ್ಷಿಸಲು ಒಪ್ಪದವರ ಬಳಿ ವ್ಯಾಪಾರವೇ ಬೇಡ. ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ಸಂಖ್ಯೆ, ಎಷ್ಟು ದಿನದೊಳಗೆ ಹಿಂದಿರುಗಿಸಬಹುದು ಎಂಬುದನ್ನು ಬರೆಸಿಕೊಳ್ಳಿ.

ಮೂರನೇ ದಾರಿಯೊಂದಿದೆ, ನನಗೆ ಅದೇ ಹೆಚ್ಚು ಇಷ್ಟ. ತುಮಕೂರು ಕಾಲೇಜುಗಳ ಊರು. ಎಂಜಿನಿಯರಿಂಗ್ ಮುಗಿಸಿ ಹಾಸ್ಟೆಲ್ ಖಾಲಿ ಮಾಡುವವರು ತಮ್ಮ ಕಂಪ್ಯೂಟರ್ ಭಾಗಗಳನ್ನು ಊರಿಗೆ ಹೊರುವ ಬದಲು ಮಾರಿಬಿಡುತ್ತಾರೆ. ಅವರ ಕೋಣೆಯಲ್ಲೇ, ಅವರ ಯಂತ್ರದಲ್ಲೇ ಕಾರ್ಡ್ ಓಡುವುದನ್ನು ನೋಡಿ ಕೊಳ್ಳಬಹುದು. ಎಂಥ ಅಂಗಡಿಯ ಪರೀಕ್ಷೆಯೂ ಅದಕ್ಕೆ ಸಮವಲ್ಲ.

ಹಣ ಹಂಚುವ ನನ್ನ ಲೆಕ್ಕ ಹೀಗೆ: ಒಟ್ಟು ಹಣದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಾರ್ಡಿಗೆ, ಕಾಲುಭಾಗ ಎಸ್‌ಎಸ್‌ಡಿಗೆ, ಉಳಿದದ್ದು ರ‍್ಯಾಮ್, ಅಡಾಪ್ಟರ್, ಪೇಸ್ಟ್‌ಗೆ. ಹೊಸ ಎಸ್‌ಎಂಪಿಎಸ್ ಬೇಕಾದರೆ ಕಾರ್ಡಿನ ಪಾಲನ್ನು ಕಡಿಮೆ ಮಾಡಿ, ಎಸ್‌ಎಂಪಿಎಸ್‌ನ ಪಾಲನ್ನಲ್ಲ. ಎಲ್ಲ ಸೇರಿದ ಮೊತ್ತ ಎಂಟನೇ ತಲೆಮಾರಿನ ರಿಫರ್ಬಿಶ್ಡ್ (ಸರಿಪಡಿಸಿ ಮಾರುವ ಹಳೆಯ) ಟವರ್‌ನ ಬೆಲೆಯ ಹತ್ತಿರ ಬಂದರೆ ಅಲ್ಲಿಗೇ ನಿಲ್ಲಿ. ಐ5-8500ರಲ್ಲಿ ಆರು ಕೋರ್‌ಗಳಿವೆ, ಡಿಡಿಆರ್4 ಇದೆ, ವಿಂಡೋಸ್ 11 ಅಧಿಕೃತವಾಗಿ ನಡೆಯುತ್ತದೆ. ಅದನ್ನೇ ತಂದು, ಕಾರ್ಡನ್ನು ಮುಂದಿನ ವರ್ಷ ಹಾಕಿಕೊಳ್ಳಿ.

ಹೆಜ್ಜೆ 7: ಜೋಡಣೆ ಮತ್ತು ವಿಂಡೋಸ್

ಕಾರ್ಡ್ ಹಾಕುವ ಮೊದಲು ತಯಾರಕರ ಜಾಲತಾಣದಿಂದ ಬಯೋಸ್ ಪರಿಷ್ಕರಿಸಿ, ಆ ಹೊತ್ತು ಯುಪಿಎಸ್ ಇರಲೇಬೇಕು. ಕಾರ್ಡನ್ನು ಸ್ಲಾಟಿನಲ್ಲಿ ಕ್ಲಿಕ್ ಎನ್ನುವವರೆಗೆ ಒತ್ತಿ, ತಿರುಪು ಹಾಕಿ. ಮಾನಿಟರ್ ತಂತಿಯನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೇ ಸಿಕ್ಕಿಸಿ. ಇಷ್ಟು ಸಣ್ಣ ವಿಷಯ ಮರೆತು ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಓಡುವವರಿದ್ದಾರೆ. ಡ್ರೈವರನ್ನು ಎನ್‌ವಿಡಿಯಾ ಅಥವಾ ಎಎಂಡಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತೆಯ ಪರಿಷ್ಕರಣೆಗಳು 2026ರ ಅಕ್ಟೋಬರ್ 13ರವರೆಗೆ ಸಿಗುವಂತೆ ಮೈಕ್ರೊಸಾಫ್ಟ್ ಏರ್ಪಾಡು ಮಾಡಿತು. ವಿಂಡೋಸ್ 11 ಎಂಟನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ. ಆ ತಪಾಸಣೆಯನ್ನು ತಪ್ಪಿಸಿ ಹಳೆಯ ಯಂತ್ರಕ್ಕೆ ಹಾಕಿಕೊಡುವವರು ಇದ್ದಾರೆ. ವ್ಯಾಲರಂಟ್ ಆಡುವವರು ಹಾಗೆ ಮಾಡಿಸಬೇಡಿ. ವಿಂಡೋಸ್ 11ರಲ್ಲಿ ಆ ಆಟ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಿನ ಭದ್ರತಾ ತಪಾಸಣೆ) ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಒಬ್ಬರೇ ಕೂತು ಆಡುವ ಕಥೆಯ ಆಟಗಳು ಇಷ್ಟವಿದ್ದವರು ಲಿನಕ್ಸ್ ಹಾಕಿ ಸ್ಟೀಮ್ ಎಂಬ ಆಟದಂಗಡಿಯ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ತಂತ್ರಾಂಶ) ಬಳಸಬಹುದು, ಬಹಳಷ್ಟು ಆಟಗಳು ಸೊಗಸಾಗಿ ನಡೆಯುತ್ತವೆ. ವ್ಯಾಲರಂಟ್, ಫೋರ್ಟ್‌ನೈಟ್ ಅಲ್ಲಿ ನಡೆಯುವುದಿಲ್ಲ. ಬ್ಯಾಂಕ್ ವ್ಯವಹಾರವನ್ನು ಪರಿಷ್ಕರಣೆ ನಿಂತ ವಿಂಡೋಸ್‌ನಲ್ಲಿ ಮಾಡಬೇಡಿ, ಕದ್ದ ಆಟಗಳನ್ನು ಇಳಿಸಿದ ಯಂತ್ರದಲ್ಲಂತೂ ಮಾಡಲೇಬೇಡಿ.

ಹೆಜ್ಜೆ 8: ಆಟದ ಒಳಗೆ

ಮೊದಲು ರೆಸಲ್ಯೂಷನ್. 1920×1080 ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ, 1366×768ರಲ್ಲಿ ಸುಮಾರು ಹತ್ತೂವರೆ ಲಕ್ಷ. ಹಳೆಯ ಮಾನಿಟರ್ ಇರುವವರ ಕಾರ್ಡಿಗೆ ಅರ್ಧದಷ್ಟೇ ಹೊರೆ. ಆದ್ದರಿಂದ ಕಾರ್ಡಿನ ಜೊತೆಗೆ ದೊಡ್ಡ ಮಾನಿಟರನ್ನೂ ತರುವ ಆತುರ ಬೇಡ.

ನೆರಳುಗಳನ್ನು ಕೆಳಗಿನ ಮಟ್ಟಕ್ಕೆ ಇಳಿಸಿ, ಎಂಎಸ್‌ಎಎ (ಅಂಚುಗಳನ್ನು ನಯಗೊಳಿಸುವ ಆಯ್ಕೆ) ಆಫ್ ಮಾಡಿ, ಜಿಟಿಎ 5ರಲ್ಲಿ ಹುಲ್ಲಿನ ಗುಣಮಟ್ಟ ಇಳಿಸಿ. ಇವು ಮೂರೇ ದೊಡ್ಡ ವ್ಯತ್ಯಾಸ ತರುತ್ತವೆ. ಟೆಕ್ಸ್‌ಚರ್‌ಗಳನ್ನು (ವಸ್ತುಗಳ ಮೇಲ್ಮೈಯ ಚಿತ್ರಗಳನ್ನು) ಮಾತ್ರ ಕಾರ್ಡಿನ 4 ಜಿಬಿ ತುಂಬುವವರೆಗೆ ಮೇಲಿನ ಮಟ್ಟದಲ್ಲಿ ಇಡಬಹುದು. ಅವು ವೇಗವನ್ನು ತಿನ್ನುವುದು ಕಡಿಮೆ, ಚೆಂದ ಕೊಡುವುದು ಹೆಚ್ಚು.

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ ಆಟದ ಮೂಲೆಯಲ್ಲಿ ಅಂಕಿಗಳು ಕಾಣುವಂತೆ ಮಾಡಿ. ಕಾರ್ಡ್ 95 ಶೇಕಡಾ ಮೇಲೆ ದುಡಿಯುತ್ತಿದ್ದರೆ ಎಲ್ಲವೂ ಸರಿಯಾಗಿದೆ, ಹೆಚ್ಚು ಫ್ರೇಮ್ ಬೇಕಾದರೆ ಚಿತ್ರದ ಗುಣಮಟ್ಟ ಇಳಿಸಿ. ಕಾರ್ಡ್ 60ರಲ್ಲಿ ನಿಂತು ಪ್ರೊಸೆಸರ್ 100 ತೋರಿಸಿದರೆ ಪ್ರೊಸೆಸರ್ ಸೋತಿದೆ. ಆಗ ಚಿತ್ರದ ಗುಣಮಟ್ಟ ಇಳಿಸಿ ಪ್ರಯೋಜನವಿಲ್ಲ, ಜನಸಂದಣಿ ಮತ್ತು ದೂರದ ದೃಶ್ಯದ ಆಯ್ಕೆಗಳನ್ನು ಇಳಿಸಿ, ಹಿನ್ನೆಲೆಯ ಬ್ರೌಸರ್ ಮುಚ್ಚಿ. ರ‍್ಯಾಮ್ ತುಂಬಿ ಡಿಸ್ಕ್ 100 ಮುಟ್ಟುತ್ತಿದ್ದರೆ ಮುಂದಿನ ಖರ್ಚು ರ‍್ಯಾಮ್‌ಗೆ.

ನಿಮ್ಮ ಮಾನಿಟರ್ 60 ಹರ್ಟ್ಸ್‌ನದಾದರೆ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿಹಾಕಿ. ಯಂತ್ರ 60ನ್ನು ನಿಲ್ಲಿಸಿಕೊಳ್ಳಲಾಗದೆ 40ಕ್ಕೆ, 55ಕ್ಕೆ ಹೊಯ್ದಾಡುತ್ತಿದ್ದರೆ ಕಥೆಯ ಆಟಗಳಲ್ಲಿ 30ಕ್ಕೇ ಕಟ್ಟಿ, ಏರಿಳಿತವಿಲ್ಲದ 30 ಕಣ್ಣಿಗೆ ಹಿತ. ಬೇಸಿಗೆಯಲ್ಲಿ ಆಫ್ಟರ್‌ಬರ್ನರ್‌ನ ಪವರ್ ಮಿತಿಯನ್ನು 85 ಶೇಕಡಾಕ್ಕೆ ಇಳಿಸಿದರೆ ವೇಗ ಸ್ವಲ್ಪವೇ ತಗ್ಗುತ್ತದೆ, ಶಾಖ ಮತ್ತು ಫ್ಯಾನಿನ ಸದ್ದು ಚೆನ್ನಾಗಿಯೇ ತಗ್ಗುತ್ತವೆ. ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿನ ಮುಚ್ಚಿದ ಗೂಡಿನಿಂದ ಹೊರಗೆ ತೆಗೆದು, ಹಿಂಭಾಗಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ.